ವಾಚು ಎಲ್ಲಿ ಕೊಳ್ಳಬೇಕು: ಮಲ್ಲೇಶ್ವರದಲ್ಲೋ, ಸಿಂಗಪುರದಲ್ಲೋ?

ವಿದ್ಯಾರಣ್ಯಪುರದ ನಮ್ಮ ಬೀದಿಯಿಂದ ಯಾರಾದರೂ ವಿದೇಶಕ್ಕೆ ಹೊರಟರೆ ಆ ವಾರ ನನಗೆ ಒಂದೆರಡು ಫೋನ್ ಕರೆ ಖಂಡಿತ. "ಅಳಿಯ ದುಬೈಗೆ ಹೋಗುತ್ತಿದ್ದಾನೆ, ವಾಚು ಅಲ್ಲಿಂದಲೇ ತರಿಸಿಬಿಡೋಣವೇ?" ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ಅಮ್ಮ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ನಾನು ಲೆಕ್ಕಪತ್ರ ನೋಡುವವಳು. ಗಡಿಯಾರದ ಒಳಗು ಅವಳಿಗೆ ಗೊತ್ತು, ಬಿಲ್ಲಿನ ಒಳಗು ನನಗೆ ಗೊತ್ತು.

ಕೇಳಿದವರಿಗೆಲ್ಲ ನಾನು ಮೊದಲು ತಿರುಗಿ ಕೇಳುವುದು ಒಂದೇ: ಆ ವಾಚು ಕೆಟ್ಟರೆ ಎಲ್ಲಿ ಬಿಚ್ಚಿಸುತ್ತೀರಿ? ಎಲ್ಲಿ ಅಗ್ಗ ಎಂಬುದು ಆಮೇಲಿನ ಮಾತು. ಇದನ್ನು ನಾನು ಕೈಯಿಂದ ಹಣ ಕಳೆದುಕೊಂಡು ಕಲಿತದ್ದು.

2019ರಲ್ಲಿ ಸಿಂಗಪುರಕ್ಕೆ ಹೋದಾಗ ಪತಿಗೆಂದು ಒಂದು ವಾಚು ಕೊಂಡೆ. ಬೆಂಗಳೂರಿನ ಬೆಲೆಗಿಂತ ಒಂಬತ್ತು ಸಾವಿರ ರೂಪಾಯಿ ಕಡಿಮೆ ಎಂದು ಸಂತೋಷಪಟ್ಟೆ. ಅಂಗಡಿಯವನು ವಾರಂಟಿ ಕಾರ್ಡನ್ನು ಪೆಟ್ಟಿಗೆಯೊಳಗೆ ಇಟ್ಟು ರಿಬ್ಬನ್ ಕಟ್ಟಿದ. ನಾನು ಅದನ್ನು ತೆರೆದು ನೋಡಲಿಲ್ಲ. ಎಂಟು ತಿಂಗಳ ನಂತರ ಒಂದು ಸಂಜೆ ಯಶವಂತಪುರದ ಬಳಿ ಪತಿ ಮಳೆಗೆ ಸಿಕ್ಕರು. ಮನೆಗೆ ಬಂದಾಗ ಗಾಜಿನ ಒಳಗಡೆ ಮಂಜು ಕಟ್ಟಿತ್ತು. ಅಮ್ಮ ತನ್ನ ಹಳೆಯ ಕಣ್ಣು ಮಸೂರವನ್ನು ಹುಬ್ಬಿನ ಕೆಳಗೆ ಸಿಕ್ಕಿಸಿಕೊಂಡು ಟೇಬಲ್ ದೀಪದ ಕೆಳಗೆ ವಾಚನ್ನು ಓರೆ ಮಾಡಿ ಹಿಡಿದಳು. ಹನಿಗಳು ಡಯಲಿನ ಮೇಲೆಲ್ಲ ಸಮನಾಗಿ ಇರಲಿಲ್ಲ. ಮೂರರ ಅಂಕಿಯ ಪಕ್ಕದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಹನಿಗಳು ಗುಂಪುಗೂಡಿದ್ದವು, ಒಂಬತ್ತರ ಕಡೆ ಬರೀ ತೆಳು ಮಸುಕು. "ಬೆನ್ನ ಮುಚ್ಚಳದಿಂದ ಹೋದದ್ದಲ್ಲ, ಕೀಲಿಯ ಕಡೆಯಿಂದ ಹೋಗಿದೆ. ರಬ್ಬರು ಸರಿಯಾಗಿ ಕೂತಿಲ್ಲ" ಎಂದಳು. ಸರ್ವಿಸ್ ಸೆಂಟರಿನಲ್ಲಿಯೂ ಅದನ್ನೇ ಹೇಳಿದರು. ಆದರೆ ಕಾರ್ಡಿನಲ್ಲಿ ಮಾರಿದವರ ಮುದ್ರೆ ಇಲ್ಲ, ತಾರೀಖು ಇಲ್ಲ, ವಾಚಿನ ಸಂಖ್ಯೆಯೂ ಇಲ್ಲ. ಉಚಿತವಾಗಿ ಮಾಡಿಕೊಡಲು ಬರುವುದಿಲ್ಲ ಎಂದರು. ₹6,400 ತೆತ್ತೆ, ಏಳು ವಾರ ಕಾದೆ. ಸಿಂಗಪುರದ ಅಂಗಡಿಗೆ ಮೂರು ಸಲ ಬರೆದರೂ ಉತ್ತರ ಬರಲಿಲ್ಲ.

ಅಲ್ಲಿಂದ ಮುಂದೆ ಒಂದು ಹಾಳೆ ಇಟ್ಟುಕೊಂಡಿದ್ದೇನೆ. ಎಡಕ್ಕೆ ಇಲ್ಲಿಯ ಬೆಲೆ, ಬಲಕ್ಕೆ ಅಲ್ಲಿಯ ಬೆಲೆ. ಅಂಗಡಿಯ ಚೀಟಿಯಲ್ಲಿ ಇರುವ ಬೆಲೆಯಲ್ಲ, ಮನೆ ಬಾಗಿಲು ದಾಟಿ ಒಳಗೆ ಬಂದಾಗಿನ ಬೆಲೆ.

ಮೊದಲ ಕೆಲಸ ಬೆಂಗಳೂರಿನಲ್ಲಿಯೇ ಆಗಬೇಕು. ನಿಮಗೆ ಬೇಕಾದ ವಾಚನ್ನು ಅಧಿಕೃತ ಅಂಗಡಿಗೆ ಹೋಗಿ ಕೈಗೆ ಕಟ್ಟಿಕೊಂಡು ನೋಡಿ. ಸಾಮಾನ್ಯ ಬೆಲೆಯ ವಾಚುಗಳಾದರೆ ಮಲ್ಲೇಶ್ವರ, ಜಯನಗರ, ಕಮರ್ಷಿಯಲ್ ಸ್ಟ್ರೀಟ್ ಸಾಕು. ದುಬಾರಿ ಸ್ವಿಸ್ ವಾಚುಗಳಿಗೆ ವಿಠ್ಠಲ ಮಲ್ಯ ರಸ್ತೆಯ ಯುಬಿ ಸಿಟಿಯಂಥ ಕಡೆ ಹೋಗಬೇಕು. ಮುಜುಗರ ಬೇಡ, ನೋಡಲು ದುಡ್ಡು ಕೊಡಬೇಕಾಗಿಲ್ಲ. ಚಿತ್ರದಲ್ಲಿ ಅಂದವಾಗಿ ಕಾಣುವ 42 ಮಿಲಿಮೀಟರ್ ವಾಚು ಸಣ್ಣ ಮಣಿಕಟ್ಟಿನ ಮೇಲೆ ತಟ್ಟೆ ಇಟ್ಟಂತೆ ಕೂರುತ್ತದೆ. ಇಷ್ಟವಾದರೆ ಮಾದರಿ ಸಂಖ್ಯೆಯನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ. ಕೊನೆಯ ಒಂದೆರಡು ಅಕ್ಷರ ಬೇರೆಯಾದರೆ ಅದು ಬೇರೆ ದೇಶದ ಮಾರುಕಟ್ಟೆಗೆ ಮಾಡಿದ ವಾಚಿರಬಹುದು, ಪಟ್ಟಿಯ ಬಣ್ಣವೋ ವಾರಂಟಿಯೋ ಬೇರೆ ಇರಬಹುದು. ಆಮೇಲೆ "ಬಿಲ್ ಸಮೇತ ಕೊನೆಯ ಬೆಲೆ ಎಷ್ಟು?" ಎಂದು ನೇರವಾಗಿ ಕೇಳಿ. ಚೀಟಿಯ ಬೆಲೆಯನ್ನೇ ಹಿಡಿದು ವಿದೇಶದ ಬೆಲೆಯೊಂದಿಗೆ ಹೋಲಿಸುವುದು ಎಲ್ಲರೂ ಮಾಡುವ ತಪ್ಪು.

ಈಗ ಲೆಕ್ಕ. 2024ರಲ್ಲಿ ಮಗಳ ಪದವಿ ಮುಗಿದಾಗ ಅವಳಿಗೆ ಜಪಾನಿನ ಸೈಕೋ ಕಂಪನಿಯ ಒಂದು ಸ್ವಯಂಚಾಲಿತ ವಾಚು (ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವಂಥದ್ದು) ಕೊಡಿಸಬೇಕೆಂದಿದ್ದೆವು. ಅದೇ ತಿಂಗಳು ನನ್ನ ತಮ್ಮ ಕಚೇರಿ ಕೆಲಸಕ್ಕೆ ಸಿಂಗಪುರಕ್ಕೆ ಹೊರಟಿದ್ದ. ಅಲ್ಲಿ ತೆರಿಗೆ ಸೇರಿ 1,000 ಸಿಂಗಪುರ ಡಾಲರ್. ಡಾಲರಿಗೆ ₹62.50ರಂತೆ ₹62,500. ಸಿಂಗಪುರದ ಜಿಎಸ್‌ಟಿ ಆ ವರ್ಷದ ಜನವರಿಯಿಂದ ಶೇ 9 ಆಗಿತ್ತು. ದೇಶ ಬಿಡುವಾಗ ಪ್ರವಾಸಿಗರು ಈ ತೆರಿಗೆಯನ್ನು ಮರಳಿ ಪಡೆಯಬಹುದು. ಸಾವಿರ ಡಾಲರಿನೊಳಗೆ ಅಡಗಿರುವ ತೆರಿಗೆ 90 ಅಲ್ಲ, ಸುಮಾರು 82.50 ಡಾಲರ್. ಮರುಪಾವತಿ ಮಾಡಿಕೊಡುವ ಸಂಸ್ಥೆ ತನ್ನ ಶುಲ್ಕ ಹಿಡಿದುಕೊಂಡ ಮೇಲೆ ಕೈಗೆ ಬರುವುದು 65 ಡಾಲರ್ ಎಂದಿಟ್ಟುಕೊಂಡೆ. ಅಂದರೆ ₹4,060 ಕಳೆಯಿರಿ. ತಮ್ಮನ ಕ್ರೆಡಿಟ್ ಕಾರ್ಡಿಗೆ ವಿದೇಶಿ ಹಣದ ವ್ಯವಹಾರಕ್ಕೆ ಶೇ 3.5 ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಅಲ್ಲಿಗೆ ₹2,580 ಸೇರಿಸಿ. ಇಲ್ಲಿಯವರೆಗೆ ₹61,020.

ಇನ್ನು ಸುಂಕ. ಆಗ ಸಿಂಗಪುರದಂಥ ದೇಶದಿಂದ ಹಿಂದಿರುಗುವ ಭಾರತೀಯರು ಸುಂಕವಿಲ್ಲದೆ ತರಬಹುದಾದ ವಸ್ತುಗಳ ಮಿತಿ ₹50,000. ಅದನ್ನು ಮೀರಿದ ಮೊತ್ತಕ್ಕೆ ಶೇ 38.5. ನಮ್ಮ ವಾಚು ಮಿತಿಯನ್ನು ₹12,500 ಮೀರುತ್ತಿತ್ತು, ಸುಂಕ ಸುಮಾರು ₹4,810. ಒಟ್ಟು ₹65,830. ಮಲ್ಲೇಶ್ವರದ ಅಂಗಡಿಯಲ್ಲಿ ಅದರ ಚೀಟಿ ಬೆಲೆ ₹74,000, ಕೇಳಿದ್ದಕ್ಕೆ ಶೇ 8 ಬಿಟ್ಟರು, ₹68,080. ಹನ್ನೊಂದು ಸಾವಿರದಂತೆ ಕಂಡ ಅಂತರ ₹2,250ಕ್ಕೆ ಇಳಿಯಿತು. ತಮ್ಮ ಅಲ್ಲಿಂದ ಮಕ್ಕಳಿಗೆ ಚಾಕೊಲೇಟು, ಆಟಿಕೆ, ಹೆಂಡತಿಗೆ ಕೈಚೀಲ ತಂದಿದ್ದರೆ ಅವೂ ಅದೇ ಐವತ್ತು ಸಾವಿರದೊಳಗೆ ಸೇರುತ್ತಿದ್ದವು, ಇರುವ ಅಂತರವೂ ಅಲ್ಲಿಗೆ ಮುಗಿಯುತ್ತಿತ್ತು. ನಾವು ಮಲ್ಲೇಶ್ವರದಲ್ಲಿಯೇ ಕೊಂಡೆವು.

ವಿದೇಶಿ ವಾಚಿಗೆ ಇಲ್ಲಿ ಇಷ್ಟೊಂದು ಸುಂಕವಿದ್ದೂ ಅಂತರ ಏಕೆ ಕಡಿಮೆ ಎಂದು ಹಲವರು ಕೇಳುತ್ತಾರೆ. ಕಂಪನಿ ವಾಚುಗಳನ್ನು ತರಿಸುವಾಗ ಸುಂಕ ಕಟ್ಟುವುದು ಆಮದು ಬೆಲೆಯ ಮೇಲೆ, ನೀವು ಅಂಗಡಿಯಲ್ಲಿ ಕೊಡುವ ಬೆಲೆಯ ಮೇಲಲ್ಲ. ವಿಮಾನ ನಿಲ್ದಾಣದಲ್ಲಿ ನಿಮ್ಮಿಂದ ವಸೂಲಾಗುವುದು ಚಿಲ್ಲರೆ ಬೆಲೆಯ ಮೇಲೆ, ಅದೂ ಹೆಚ್ಚಿನ ದರದಲ್ಲಿ. ಸ್ವಿಸ್ ವಾಚುಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ಇಎಫ್‌ಟಿಎ (ಯುರೋಪಿನ ಮುಕ್ತ ವ್ಯಾಪಾರ ಒಕ್ಕೂಟ) ದೇಶಗಳೊಂದಿಗೆ ಭಾರತ ಮಾಡಿಕೊಂಡ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಸ್ವಿಸ್ ವಾಚುಗಳ ಆಮದು ಸುಂಕ ಹಂತಹಂತವಾಗಿ ಇಳಿಯುತ್ತದೆ. ಅವಸರವಿಲ್ಲದವರು ಜಿನೀವಾಕ್ಕೆ ಹೋಗುವವರ ಬೆನ್ನು ಬೀಳಬೇಕಾಗಿಲ್ಲ.

ಸುಂಕದ ಮಿತಿ, ದರಗಳು ಬದಲಾಗುತ್ತಿರುತ್ತವೆ. ಹೊರಡುವ ವಾರ ಸುಂಕ ಇಲಾಖೆಯ ಜಾಲತಾಣದಲ್ಲಿ ಅಂದಿನ ಅಂಕಿಯನ್ನೇ ನೋಡಿ ಲೆಕ್ಕ ಹಾಕಿ. ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ಬಳಸಲು ಅವಕಾಶವಿಲ್ಲ, ಇದು ಬಹಳ ಜನಕ್ಕೆ ತಿಳಿದಿಲ್ಲ. "ಕೈಗೆ ಕಟ್ಟಿಕೊಂಡು ಹಸಿರು ದಾರಿಯಲ್ಲಿ ನಡೆದುಬಿಡಿ, ಯಾರೂ ಕೇಳುವುದಿಲ್ಲ" ಎಂದು ಸಲಹೆ ಕೊಡುವವರು ಎಲ್ಲ ಮದುವೆ ಮನೆಗಳಲ್ಲಿಯೂ ಸಿಗುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ವಿಮಾನ ನಿಲ್ದಾಣದ ಹಸಿರು ದಾರಿ ಸುಂಕ ಕಟ್ಟಬೇಕಾದ ವಸ್ತು ಇಲ್ಲದವರಿಗೆ, ಕೆಂಪು ದಾರಿ ಇರುವವರಿಗೆ. ಮಿತಿ ಮೀರಿದ ಹೊಸ ವಾಚನ್ನು ಘೋಷಿಸದೆ ತಂದರೆ ವಾಚನ್ನು ವಶಪಡಿಸಿಕೊಳ್ಳಬಹುದು, ದಂಡ ಹಾಕಬಹುದು. ಕೆಂಪು ದಾರಿಗೆ ಹೋಗಿ, ಬಿಲ್ಲು ತೋರಿಸಿ, ಕಟ್ಟಿ, ರಸೀದಿ ಪಡೆಯಿರಿ. ಆ ರಸೀದಿ ಮುಂದೆ ನೀವು ಅದೇ ವಾಚು ಕಟ್ಟಿಕೊಂಡು ಪ್ರಯಾಣ ಮಾಡುವಾಗಲೂ ಕೈ ಹಿಡಿಯುತ್ತದೆ. ಇಲ್ಲಿಂದಲೇ ದುಬಾರಿ ವಾಚು ಕಟ್ಟಿಕೊಂಡು ಹೊರಡುವವರು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹೊರಡುವ ಮೊದಲೇ ಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಹಿಂದಿರುಗುವಾಗ ಅದು ನಿಮ್ಮ ಹಳೆಯ ವಾಚೇ ಎಂದು ತೋರಿಸುವ ಹೊರೆ ನಿಮ್ಮದು.

ಇನ್ನೊಬ್ಬರ ಕೈಯಲ್ಲಿ ತರಿಸುವುದು ನನಗೆ ಒಪ್ಪಿಗೆಯಿಲ್ಲ. ತೆರಿಗೆ ಮರುಪಾವತಿ ಕೊಂಡವರ ಪಾಸ್‌ಪೋರ್ಟಿಗೆ ಸಿಗುತ್ತದೆ, ಸುಂಕದವರ ಮುಂದೆ ನಿಂತು ಉತ್ತರ ಕೊಡಬೇಕಾದವರೂ ಅವರೇ. ನಮ್ಮ ಆಸೆಗೆ ಪಕ್ಕದ ಮನೆಯ ಹುಡುಗ ನಡುರಾತ್ರಿಯಲ್ಲಿ ಅಲ್ಲಿ ಏಕೆ ನಿಲ್ಲಬೇಕು? ಕೊರಿಯರಿನಲ್ಲಿ ತರಿಸುವವರಿಗೆ ಪ್ರಯಾಣಿಕರ ವಿನಾಯಿತಿಯೇ ಇಲ್ಲ. ಮೊದಲ ರೂಪಾಯಿಯಿಂದಲೇ ಸುಂಕವೂ ಜಿಎಸ್‌ಟಿಯೂ ಬೀಳುತ್ತವೆ.

ಬೇರೆ ದೇಶಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದುಬೈಯಲ್ಲಿ ವ್ಯಾಟ್ ಎಂಬ ಮಾರಾಟ ತೆರಿಗೆ ಶೇ 5 ಮಾತ್ರ. ಅದರಲ್ಲಿಯೂ ಶುಲ್ಕ ಕಳೆದು ಉಳಿದದ್ದು ಸಿಗುವುದರಿಂದ ಮರುಪಾವತಿಯನ್ನು ನಂಬಿ ಹೋಗಬೇಡಿ, ಅಂಗಡಿಯ ರಿಯಾಯಿತಿಯನ್ನು ನೋಡಿ. ಸ್ವಿಟ್ಜರ್ಲೆಂಡಿನಲ್ಲಿ ಶೇ 8.1, ಒಂದು ಅಂಗಡಿಯಲ್ಲಿ ಕನಿಷ್ಠ 300 ಫ್ರಾಂಕಿನ ಖರೀದಿ ಇರಬೇಕು. ಫ್ರಾನ್ಸಿನಲ್ಲಿ ಶೇ 20 ಇದ್ದರೂ ಕೈಗೆ ಪೂರ್ತಿ ಬರುವುದಿಲ್ಲ, ಸಾಮಾನ್ಯವಾಗಿ ಶೇ 12ರ ಆಸುಪಾಸು. ಲಂಡನ್ನಿಗೆ ಹೋಗುವವರು 2021ರಿಂದ ಅಲ್ಲಿ ಪ್ರವಾಸಿಗರಿಗೆ ಈ ಮರುಪಾವತಿ ನಿಂತಿದೆ ಎಂಬುದನ್ನು ನೆನಪಿಡಿ. ಹಾಂಗ್‌ಕಾಂಗಿನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಚೀಟಿಯ ಬೆಲೆಯ ಮೇಲೆ ತೆರಿಗೆ ಸೇರುತ್ತದೆ. ಮಕ್ಕಳು ಒರೆಗಾನಿನಲ್ಲಿದ್ದರೆ ಅಲ್ಲಿ ಆ ತೆರಿಗೆಯಿಲ್ಲ.

ಬೆಲೆಗಿಂತ ನನಗೆ ಮುಖ್ಯವೆನಿಸುವ ಸಂಗತಿಯೊಂದಿದೆ: ಅಲ್ಲಿ ಚೆನ್ನಾಗಿ ಕೆಲಸ ಮಾಡುವ ವಾಚು ಇಲ್ಲಿ ಮಾಡದೆ ಇರಬಹುದು.

ನಮ್ಮ ಬೀದಿಯ ಸಾಫ್ಟ್‌ವೇರ್ ಹುಡುಗನೊಬ್ಬ ಜ್ಯೂರಿಕ್ಕಿನಿಂದ ಎರಡು ದೇಶಗಳ ಸಮಯ ತೋರಿಸುವ ಜಿಎಂಟಿ ವಾಚು ತಂದ. ಅದರಲ್ಲಿ ಇಪ್ಪತ್ನಾಲ್ಕು ಗಂಟೆಯ ಇನ್ನೊಂದು ಮುಳ್ಳು ಇರುತ್ತದೆ. ಆದರೆ ನಿಮಿಷದ ಮುಳ್ಳು ಎರಡು ಸಮಯಕ್ಕೂ ಒಂದೇ. ಹೆಚ್ಚಿನ ದೇಶಗಳ ನಡುವಿನ ವ್ಯತ್ಯಾಸ ಪೂರ್ಣ ಗಂಟೆಗಳಲ್ಲಿ ಇರುವುದರಿಂದ ಅವರಿಗೆ ಇದು ಸರಿಹೋಗುತ್ತದೆ. ನಮ್ಮದು ಗ್ರೀನಿಚ್ಚಿನಿಂದ ಐದೂವರೆ ಗಂಟೆ ಮುಂದೆ. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರು ಗಂಟೆಯಾದಾಗ ಜ್ಯೂರಿಕ್ಕಿನಲ್ಲಿ ಬೆಳಿಗ್ಗೆ ಹತ್ತೂವರೆ. ಗಂಟೆ ಗಂಟೆಯಾಗಿ ಜಿಗಿಯುವ ಮುಳ್ಳು ಹತ್ತಕ್ಕೆ ನಿಲ್ಲಬೇಕು ಇಲ್ಲವೇ ಹನ್ನೊಂದಕ್ಕೆ, ನಡುವೆ ನಿಲ್ಲದು. ಸಭೆಗೆ ಅರ್ಧ ಗಂಟೆ ತಪ್ಪು ಸಮಯ ನೋಡಿ ಎರಡು ಸಲ ತೊಂದರೆಯಾದ ಮೇಲೆ ಅವನು ಮನಸ್ಸಿನಲ್ಲಿಯೇ ಅರ್ಧ ಗಂಟೆ ಸೇರಿಸುವ ಅಭ್ಯಾಸ ಮಾಡಿಕೊಂಡಿದ್ದಾನೆ. ಅಷ್ಟು ಹಣ ಕೊಟ್ಟು ಲೆಕ್ಕವನ್ನೂ ತಾನೇ ಮಾಡಬೇಕಾಯಿತಲ್ಲ ಎಂದು ನನಗೆ ಈಗಲೂ ಬೇಸರವಾಗುತ್ತದೆ. ಇಂಥ ವಾಚು ಬೇಕಾದರೆ ಅರ್ಧ ಗಂಟೆಯ ವ್ಯತ್ಯಾಸವನ್ನು ಹೊಂದಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲಿಯೇ ಮುಳ್ಳು ತಿರುಗಿಸಿ ನೋಡಿ.

ಜಪಾನಿನಿಂದ ತರುವ ರೇಡಿಯೊ ವಾಚುಗಳದೂ ಇದೇ ಕಥೆ. ಅವು ರಾತ್ರಿ ಹೊತ್ತು ರೇಡಿಯೊ ಸಂಕೇತ ಹಿಡಿದು ತಾವೇ ಸಮಯ ಸರಿಪಡಿಸಿಕೊಳ್ಳುತ್ತವೆ. ಆ ಸಂಕೇತ ಕಳುಹಿಸುವ ಗೋಪುರಗಳು ಜಪಾನ್, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿವೆ. ಬೆಂಗಳೂರು ಅವುಗಳ ವ್ಯಾಪ್ತಿಯ ಹೊರಗಿದೆ. ಇಲ್ಲಿ ಅದು ಮಾಮೂಲಿ ಕ್ವಾರ್ಟ್ಸ್ (ಬ್ಯಾಟರಿ) ವಾಚಿನಂತೆ ನಡೆಯುತ್ತದೆ, ಆದರೆ ನೀವು ಹಣ ಕೊಟ್ಟದ್ದು ಆ ವಿಶೇಷಕ್ಕೆ. ಬ್ಲೂಟೂತ್ ಮೂಲಕ ಮೊಬೈಲಿನಿಂದ ಸಮಯ ಪಡೆಯುವ ಮಾದರಿಯಾದರೆ ತೊಂದರೆಯಿಲ್ಲ. ಜಪಾನಿನ ಒಳ ಮಾರುಕಟ್ಟೆಗೆಂದೇ ಮಾಡಿದ ಕೆಲವು ವಾಚುಗಳ ವಾರಂಟಿ ಜಪಾನಿನೊಳಗೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಕಾರ್ಡಿನಲ್ಲಿ ಓದಿಕೊಳ್ಳಿ.

ಹಾಗಾದರೆ ಹೊರಗೆ ಕೊಳ್ಳಲೇಬಾರದೇ? ಹಾಗಲ್ಲ. ಇಲ್ಲಿಗೆ ಬರದೇ ಇರುವ ಮಾದರಿಗೆ ಮನಸ್ಸು ಸೋತಿದ್ದರೆ ಕೊಳ್ಳಿ. ಬೆಲೆ ಸುಂಕದ ಮಿತಿಯೊಳಗಿದ್ದು, ನನ್ನ ಹಾಳೆಯಂತೆ ಎಲ್ಲ ಕಳೆದು ಕೂಡಿದ ಮೇಲೂ ಶೇ 15ಕ್ಕಿಂತ ಹೆಚ್ಚು ಉಳಿಯುವಂತಿದ್ದರೆ, ವಾರಂಟಿ ಎಲ್ಲ ದೇಶಗಳಲ್ಲಿ ಸಲ್ಲುವಂತಿದ್ದರೆ, ಆ ಕಂಪನಿಯ ಸರ್ವಿಸ್ ಸೆಂಟರ್ ನಮ್ಮ ಊರಿನಲ್ಲಿದ್ದರೆ, ಧೈರ್ಯವಾಗಿ ಕೊಳ್ಳಿ. ಈ ಮೂರರಲ್ಲಿ ಒಂದು ತಪ್ಪಿದರೂ ನಾನು ಇಲ್ಲಿಯೇ ಕೊಳ್ಳುತ್ತೇನೆ. ಕಾರ್ಡಿನಲ್ಲಿ ಅಂಗಡಿಯ ಮುದ್ರೆ, ತಾರೀಖು, ವಾಚಿನ ಸಂಖ್ಯೆ ತುಂಬಿಸದೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ. ಸಂಖ್ಯೆಯನ್ನು ಬೆನ್ನ ಮುಚ್ಚಳದ ಮೇಲೆ ಕೆತ್ತಿದ್ದರೊಂದಿಗೆ ಹೋಲಿಸಿ, ಎರಡನ್ನೂ ಒಂದೇ ಚಿತ್ರದಲ್ಲಿ ಬರುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಇಲ್ಲಿ ಕೊಳ್ಳುವುದರಲ್ಲಿ ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ ಒಂದು ಬಲವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಸಿಂಗಪುರದ ಅಂಗಡಿಗೆ ಮೂರು ಪತ್ರ ಬರೆದವಳಿಗೆ ಇದರ ಬೆಲೆ ಗೊತ್ತು. ಬಿಲ್ಲಿಲ್ಲದೆ "ಫಸ್ಟ್ ಕಾಪಿ" ಎಂಬ ನಕಲಿ ವಾಚು ಮಾರುವವರ ಹತ್ತಿರ ಕೊಂಡರೆ ಈ ಬಲವೂ ಇಲ್ಲ. ಹತ್ತು ಲಕ್ಷಕ್ಕೂ ಮೇಲಿನ ವಾಚು ಕೊಳ್ಳುವವರಿಂದ 2025ರ ಏಪ್ರಿಲ್ 22ರಿಂದ ಅಂಗಡಿಯವರು ಶೇ 1 ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಹೆಚ್ಚುವರಿ ಖರ್ಚಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಕೆಲವು ಸಾವಿರ ರೂಪಾಯಿಯ ಕ್ವಾರ್ಟ್ಸ್ ವಾಚಿಗೆ ಇಷ್ಟೆಲ್ಲ ಹಾಳೆ ಹರಡಬೇಕಾಗಿಲ್ಲ. ಪಕ್ಕದ ಹೊಸೂರಿನಲ್ಲಿ ಟೈಟಾನ್ ಕಾರ್ಖಾನೆಯಿದೆ. ಅವರ ಎಡ್ಜ್ ವಾಚಿನ ಯಂತ್ರದ ದಪ್ಪ 1.15 ಮಿಲಿಮೀಟರ್, ಇಡೀ ವಾಚು ಮೂರೂವರೆ ಮಿಲಿಮೀಟರ್. ಅಮ್ಮ ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ಪಕ್ಕದಿಂದ ನೋಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಎಚ್‌ಎಂಟಿಯ ಹಳೆಯ ಕೀಲಿ ವಾಚು ಬೇಕೆನ್ನುವವರು ಮಾತ್ರ ಎಚ್ಚರದಿಂದಿರಿ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಈ ಊರಿನಲ್ಲಿ ಶುರುವಾದ ಕಾರ್ಖಾನೆಯ ಜನತಾ, ಪೈಲಟ್ ವಾಚುಗಳಿಗೆ ಈಗ ದೊಡ್ಡ ಬೇಡಿಕೆ. ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಹಾಗಾಗಿ "ಹೊಚ್ಚ ಹೊಸದು" ಎಂದು ಮಾರುವ ಎಷ್ಟೋ ವಾಚುಗಳ ಡಯಲು ಆಮೇಲೆ ಬಣ್ಣ ಬಳಿದದ್ದು. ಹಾಗೆ ಬಳಿದ ಗುಲಾಬಿ, ಕಿತ್ತಳೆ ಡಯಲುಗಳನ್ನು ಕಂಡರೆ ಅಮ್ಮನಿಗೆ ನಿಜವಾಗಿ ನೋವಾಗುತ್ತದೆ. ಮೂಲ ವಾಚುಗಳು ಹೇಗಿದ್ದವು ಎಂದು ತಿಳಿಯಲು ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಒಮ್ಮೆ ಹೋಗಿ ಬನ್ನಿ, ಕೊಳ್ಳುವ ಮೊದಲು.

ಊರಲ್ಲಿರಲಿ ವಿದೇಶದಲ್ಲಿರಲಿ, ಅಂಗಡಿಯಲ್ಲಿ ಹತ್ತು ನಿಮಿಷ ಈ ಪರೀಕ್ಷೆ ಮಾಡಿ. ಮಗಳ ವಾಚಿಗೆ ಅಮ್ಮ ಮಾಡಿದ್ದನ್ನೇ ಹೇಳುತ್ತೇನೆ. ಅಂಗಡಿಯವರು ಕೊಟ್ಟ ಬಟ್ಟೆಯ ಮೇಲೆ ವಾಚಿಟ್ಟು ಕೀಲಿಯನ್ನು ಇಪ್ಪತ್ತು ಸುತ್ತು ಕೊಟ್ಟಳು. ಪ್ರತಿ ಸುತ್ತಿಗೂ ಬೆರಳಿಗೆ ಒಂದೇ ಬಗೆಯ ಬಿಗಿ ಸಿಗಬೇಕು, ನಡುವೆ ಜಾರಬಾರದು. ಕೀಲಿಯನ್ನು ಎಳೆದು ಹನ್ನೆರಡು ಗಂಟೆಗೆ ತಂದು ಗಂಟೆ, ನಿಮಿಷದ ಮುಳ್ಳುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆಯೇ ನೋಡಿದಳು. ಇನ್ನೂ ಒಂದು ಪೂರ್ತಿ ಸುತ್ತು ತಿರುಗಿಸಿ ತಾರೀಖು ಯಾವಾಗ ಬದಲಾಗುತ್ತದೆ ಎಂದು ನೋಡಿದಳು. ಮಸೂರ ಹಾಕಿಕೊಂಡು ಗಾಜಿನ ಒಳಬದಿಯಲ್ಲಿ ಧೂಳು ಹುಡುಕಿದಳು. ಹತ್ತರ ಅಂಕಿಯ ಬಳಿ ಒಂದು ಎಳೆ ಸಿಕ್ಕಿತು, ಹತ್ತಿಯ ನಾರಿನಷ್ಟು. ಅಂಗಡಿಯ ಹುಡುಗ ಬೇರೊಂದು ತಂದುಕೊಟ್ಟ. ಮತ್ತೆ ಮೊದಲಿನಿಂದ ಎಲ್ಲ.

ಮನೆಗೆ ತಂದ ಮೇಲೆ ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಪ್ರತಿ ರಾತ್ರಿ ಒಂಬತ್ತಕ್ಕೆ ಮೊಬೈಲಿನ ಸಮಯಕ್ಕೂ ವಾಚಿನ ಸಮಯಕ್ಕೂ ಎಷ್ಟು ಸೆಕೆಂಡು ವ್ಯತ್ಯಾಸ. ಮಗಳ ವಾಚಿನೊಳಗಿರುವ 6ಆರ್35 ಯಂತ್ರಕ್ಕೆ ತಯಾರಕರು ಕೊಟ್ಟಿರುವ ಮಿತಿ ದಿನಕ್ಕೆ 25 ಸೆಕೆಂಡು ಮುಂದೆ, 15 ಸೆಕೆಂಡು ಹಿಂದೆ. ಇದನ್ನು ಮೀರಿದರೆ ಬಿಲ್ಲು, ಕಾರ್ಡು, ಪುಸ್ತಕ ಮೂರನ್ನೂ ಹಿಡಿದು ಅಂಗಡಿಗೆ ಹೋಗಿ. ನಮ್ಮದು ಮೊದಲ ವಾರ ದಿನಕ್ಕೆ ಹನ್ನೊಂದು ಸೆಕೆಂಡು ಮುಂದೆ ಹೋಗುತ್ತಿತ್ತು. ರಾತ್ರಿ ಯಾವ ಮಗ್ಗುಲಿಗೆ ಇಡುತ್ತೇವೆ ಎಂಬುದರ ಮೇಲೆ ನಡೆ ಸ್ವಲ್ಪ ಬದಲಾಗುತ್ತದೆ ಎಂದು ಅಮ್ಮ ಡಯಲು ಮೇಲಾಗಿ ಇಡುವುದನ್ನು ಬಿಡಿಸಿ, ಕೀಲಿ ಮೇಲಾಗಿ ನಿಲ್ಲಿಸಿ ಇಡಿಸಿದಳು. ಎರಡನೇ ವಾರದ ಪುಟದಲ್ಲಿ ಐದು, ಆರು, ಐದು, ನಾಲ್ಕು ಎಂದು ಮಗಳ ಅಕ್ಷರದಲ್ಲಿದೆ.